ಬಿಳಿ ಬಳಿದ ಗೋಡೆಯ ಬಾಡಿಗೆ

ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಕಾಲಿಗೆ ಗಾಲಿ ಕಟ್ಟಿಕೊಂಡು ಹುಟ್ಟಿದವಳು ಅಂತ ಹುಬ್ಬಳ್ಳಿಯಲ್ಲಿ ನಮ್ಮವ್ವ ಬೈಯುತ್ತಿದ್ದಳು. ಮೂಗಿನ ತುದಿಯಲ್ಲಿ ಸಿಟ್ಟು ಬೇರೆ. ಅಂಥವಳು ಹೋಗಿ ಹೋಗಿ ದಿನವಿಡೀ ಕುರ್ಚಿಗೆ ಅಂಟಿಕೊಂಡು ಮಾಡುವ ಕೆಲಸ ಹಿಡಿದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬಯಲಿನಲ್ಲಿ ಒಂದು ಸಣ್ಣ ಊರು. ಅಲ್ಲಿಯ ಕೌನ್ಸಿಲ್ಲಿನಲ್ಲಿ, ನಮ್ಮ ಕಡೆಯ ಪುರಸಭೆ ಅಂತಿಟ್ಟುಕೊಳ್ಳಿ, ನಾನು ಲೆಕ್ಕದ ವಿಭಾಗದವಳು. ರಸ್ತೆಗೊಬ್ಬರು, ನೀರಿಗೊಬ್ಬರು, ಈಜುಕೊಳಕ್ಕೊಬ್ಬರು ಲೆಕ್ಕದವರಿದ್ದಾರೆ. ನನ್ನ ಪಾಲಿಗೆ ಬಂದದ್ದು ಮುದುಕರ ಮನೆಗಳು.

ಅರವತ್ತೈದು ದಾಟಿದ, ಸ್ವಂತ ಸೂರಿಲ್ಲದ, ಕೈಯಲ್ಲಿ ಹೆಚ್ಚು ಉಳಿತಾಯವೂ ಇಲ್ಲದ ಜನರಿಗೆ ಕೌನ್ಸಿಲ್ ಕಡಿಮೆ ಬಾಡಿಗೆಗೆ ಕೊಡುವ ಒಂದೊಂದು ಮಲಗುವ ಕೋಣೆಯ ಇಟ್ಟಿಗೆ ಮನೆಗಳವು. ಸಾಲಾಗಿ ಹತ್ತು, ಹನ್ನೆರಡು. ಎದುರಿಗೆ ಹುಲ್ಲು, ಬಟ್ಟೆ ಒಣಗಿಸುವ ತಂತಿ. ಅವನ್ನು ಕಟ್ಟಿದ ಕಾಲದಲ್ಲಿ ಗೋಡೆಯೊಳಗೆ ಚಳಿ ತಡೆಯುವ ಹಾಸು ಹಾಕುವ ಪದ್ಧತಿ ಇರಲಿಲ್ಲ. ಇಲ್ಲಿ ಸೂರ್ಯ ಉತ್ತರಕ್ಕೆ ವಾಲಿಕೊಂಡು ಓಡುತ್ತಾನೆ, ದಕ್ಷಿಣದ ಗೋಡೆಗೆ ಚಳಿಗಾಲವಿಡೀ ಬಿಸಿಲಿಲ್ಲ. ಆ ಗೋಡೆಗಳು ಬೆವರುತ್ತವೆ, ಬೆವರಿದ್ದು ಕಪ್ಪು ಬೂಷ್ಟಾಗುತ್ತದೆ.

ಈ ಮನೆಗಳ ಖಾತೆಗೆ ಒಂದು ನಿಯಮವಿದೆ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಊರಿನ ಮನೆ ಮಾಲೀಕರು ಕಟ್ಟುವ ತೆರಿಗೆ, ರೇಟ್ಸ್ ಅನ್ನುತ್ತಾರೆ ಇಲ್ಲಿ, ಅದರ ಒಂದು ಡಾಲರೂ ಇತ್ತ ಬರಕೂಡದು. ಛಾವಣಿ ಸೋರಿದರೂ ಬಾಡಿಗೆಯಿಂದಲೇ ರಿಪೇರಿ, ವಿಮೆ ಏರಿದರೂ ಬಾಡಿಗೆಯಿಂದಲೇ ಭರ್ತಿ. ಸರ್ಕಾರಿ ಮನೆಗಳಲ್ಲಿರುವ ಬಡವರ ಬಾಡಿಗೆಯಲ್ಲಿ ದೊಡ್ಡ ಪಾಲನ್ನು ಸರ್ಕಾರವೇ ತುಂಬುತ್ತದೆ, ಕೌನ್ಸಿಲ್ ಮನೆಯವರಿಗೆ ಆ ಭಾಗ್ಯವಿಲ್ಲ. ಹೀಗಾಗಿ ನನ್ನ ಹಾಳೆಯಲ್ಲಿ ಒಬ್ಬರಿಗೆ ಇಳಿಸಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಲೇಬೇಕು. ಇದನ್ನು ಮೊದಲ ದಿನ ಕೇಳಿದಾಗ ನನಗೆ ಮೈ ಉರಿದಿತ್ತು. ಹೂವಿನ ಕುಂಡ ಇಡಲು ಊರಿನ ದುಡ್ಡಿದೆ, ಮುದುಕರ ಗೋಡೆಗಿಲ್ಲವೇ ಅಂತ ನನ್ನ ಮ್ಯಾನೇಜರನ್ನು ಕೇಳಿಯೇಬಿಟ್ಟೆ. ಅವನು ಸಮಾಧಾನದ ಮನುಷ್ಯ. ನಿಯಮ ಮಾಡುವವರು ಮೇಲಿನ ಮಹಡಿಯಲ್ಲಿ ಚುನಾವಣೆ ಗೆದ್ದು ಕೂತಿದ್ದಾರೆ, ನಾವು ಕೂಡಿಸಿ ಕಳೆಯುವವರು ಅಂದ.

ಆ ವರ್ಷ ಬಾಡಿಗೆ ಏರಿಸದೆ ಬೇರೆ ದಾರಿ ಇರಲಿಲ್ಲ. ಎಲ್ಲರಿಗೂ ಒಂದೇ ಸಮ ಏರಿಸುವುದು ಹಿಂದಿನ ರೂಢಿ. ಬೂಷ್ಟು ಹಿಡಿದ ಮನೆಗೂ ಬೆಚ್ಚನೆಯ ಮನೆಗೂ ಒಂದೇ ಏರಿಕೆಯೇ, ಇದೆಲ್ಲಿಯ ನ್ಯಾಯ ಅಂತ ನಾನು ಹಟ ಹಿಡಿದೆ. ಮನೆಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡೋಣ, ಒಂದು ಅಂದರೆ ಚೆನ್ನಾಗಿದೆ, ಐದು ಅಂದರೆ ಕೆಟ್ಟಿದೆ, ಚೆನ್ನಾಗಿರುವ ಮನೆಯವರು ಹೆಚ್ಚು ಕೊಡಲಿ, ಕೆಟ್ಟ ಮನೆಯವರಿಗೆ ಏರಿಕೆಯೇ ಬೇಡ, ರಿಪೇರಿಯೂ ಅಲ್ಲಿಂದಲೇ ಶುರುವಾಗಲಿ. ಇದು ನನ್ನದೇ ಯೋಚನೆ. ಮ್ಯಾನೇಜರನಿಗೆ ಇಷ್ಟವಾಯಿತು. ಪ್ರತಿ ಮನೆಯನ್ನೂ ನೋಡಿ ದರ್ಜೆ ಬರೆಯಲು ಹೊರಗಿನ ಒಬ್ಬ ಇನ್‌ಸ್ಪೆಕ್ಟರನನ್ನು ಗೊತ್ತುಮಾಡಿದರು. ನಾನು ವಾರಗಟ್ಟಲೆ ಎದೆಯುಬ್ಬಿಸಿಕೊಂಡು ಓಡಾಡಿದೆ.

ಇನ್ನು ಕಾಕು. ಆ ಊರಿನಲ್ಲಿ ಕನ್ನಡದ ಮನೆಗಳು ಎರಡೇ, ಒಂದು ನಮ್ಮದು, ಇನ್ನೊಂದು ಕಾಕುವಿನದು. ಗದಗಿನ ಕಡೆಯವರು. ನಮ್ಮ ಕಡೆ ಕಾಕು ಅಂದರೆ ಚಿಕ್ಕಮ್ಮ. ನನಗೆ ರಕ್ತಸಂಬಂಧವಲ್ಲ, ಮೊದಲ ದಿನದಿಂದ ಹಾಗೆ ಕರೆದೆ, ಹಾಗೇ ಉಳಿಯಿತು. ಗಂಡನ ಜೊತೆ ಎಷ್ಟೋ ವರ್ಷದ ಹಿಂದೆ ಬಂದು, ಊರಿನ ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದವರು. ಗಂಡ ತೀರಿಕೊಂಡರು, ಮಕ್ಕಳಿಲ್ಲ. ಪಿಂಚಣಿಯಲ್ಲಿ ಬದುಕು. ಕೌನ್ಸಿಲ್ಲಿನ ಹತ್ತು ಮನೆಗಳ ಒಂದು ಸಾಲಿನಲ್ಲಿ ನಡುವಿನದು ಅವರದು. ಕ್ರೈಸ್ಟ್‌ಚರ್ಚಿನಲ್ಲಿರುವ ನಮ್ಮವರು ಹಬ್ಬಕ್ಕೆ ಸೇರಿದಾಗಲೆಲ್ಲ, ಆಂಟಿ ಒಬ್ಬರೇ ಯಾಕಿರುತ್ತೀರಿ, ನಮ್ಮಲ್ಲಿ ಬಂದುಬಿಡಿ ಅಂತ ಕರೆಯುತ್ತಿದ್ದರು. ಕಾಕು ನಕ್ಕು ಸುಮ್ಮನಾಗುತ್ತಿದ್ದರು. ಕಾರಿನಲ್ಲಿ ವಾಪಸು ಬರುವಾಗ ನನಗೆ ಹೇಳಿದ್ದು ಬೇರೆ.

"ಕರೀತಾರ, ಖರೆ. ಹೋದಮ್ಯಾಲೆ ಅವರ ಕೂಸು ಆಡಸ್ಬೇಕು, ಅವರ ರೊಟ್ಟಿ ಬಡೀಬೇಕು, ಅವರು ಹಚ್ಚಿದ್ದ ಟೀವಿ ನೋಡ್ಬೇಕು. ನನ್ನ ಬಾಗಲಾ ನಾನ ತಗದು ನಾನ ಹಾಕ್ಕೊಂಬೇಕವ್ವಾ ತಂಗಿ. ಸಾಯೂತನಾ ಅಷ್ಟ ಸಾಕು."

ಆ ಬಾಗಿಲಿನ ಪಕ್ಕದ ಬಾಗಿಲುಗಳನ್ನೂ ನಾನು ಬಲ್ಲೆ. ಸಾಲಿನ ಕಟ್ಟಕಡೆಯ ಮನೆಯಲ್ಲಿ ಒಬ್ಬ ಮುದುಕ, ಇಲ್ಲಿಯವನೇ, ಆಯುಷ್ಯವಿಡೀ ಕುರಿಗಳ ಲಾರಿ ಓಡಿಸಿದವನು. ಅವನ ಮನೆಗೆ ಎರಡು ಕಡೆ ಬಿಸಿಲಿಲ್ಲದ ಗೋಡೆ, ಎದೆಯಲ್ಲಿ ಸದಾ ಕೆಮ್ಮು. ವಾರಕ್ಕೊಮ್ಮೆ ಕಸದ ಗಾಲಿಡಬ್ಬವನ್ನು ರಸ್ತೆಗೆ ಎಳೆದಿಡುವಾಗ ಕಾಕುವಿನದನ್ನೂ ಎಳೆದಿಡುತ್ತಿದ್ದ. ಕಾಕು ಅವನಿಗೆ ಚಪಾತಿ, ಪಲ್ಯ ಕೊಟ್ಟು ಕಳಿಸುತ್ತಿದ್ದರು. ಖಾರ ಅಂತ ಬೈದುಕೊಂಡೇ ತಿನ್ನುತ್ತಿದ್ದ.

ಇನ್‌ಸ್ಪೆಕ್ಟರ್ ಬರುವ ಪತ್ರ ಚಳಿಗಾಲದ ಕೊನೆಗೆ, ಇಲ್ಲಿ ಅದು ಆಗಸ್ಟ್, ಹೋಯಿತು. ಕಾಕು ಫೋನ್ ಮಾಡಿದರು. ಮನೆ ನೋಡಲು ಯಾರೋ ಬರುತ್ತಾರಂತೆ, ಗೋಡೆ ಕರ್ರಗಾಗಿದೆ, ನೋಡಿದರೆ ಏನಂದಾರು ಅಂತ. ನಾನು ಏನು ಹೇಳಬೇಕಿತ್ತು? ಹಾಗೇ ಬಿಡಿ ಕಾಕು, ಅದನ್ನು ನೋಡಲೆಂದೇ ಅವನು ಬರುವುದು ಅನ್ನಬೇಕಿತ್ತು. ದರ್ಜೆಯ ಯೋಚನೆ ಮಾಡಿದ ತಲೆ ಇದೇ ತಾನೇ? ಆದರೆ ಫೋನು ಕಿವಿಗಿಟ್ಟ ಆ ಗಳಿಗೆಯಲ್ಲಿ ನಾನು ಕೌನ್ಸಿಲ್ಲಿನವಳಾಗಿರಲಿಲ್ಲ. ಮನೆಗೆ ಮಂದಿ ಬರುತ್ತಾರೆ ಅಂದಾಕ್ಷಣ ಕಸಬರಿಗೆ ಹಿಡಿಯುವ ಹುಬ್ಬಳ್ಳಿ ಮನೆಯ ಮಗಳಾಗಿದ್ದೆ. ನಮ್ಮವರ ಮನೆ ಹೊಲಸು ಅಂತ ಆ ಬಿಳಿಯ ಬರೆದುಕೊಂಡು ಹೋಗಬಾರದು, ತಲೆಯಲ್ಲಿ ಇದ್ದದ್ದು ಅಷ್ಟೇ. ಶನಿವಾರ ಬರ್ತೀನಿ, ಇಬ್ಬರೂ ತೊಳೆಯೋಣ ಅಂದೆ.

ಶನಿವಾರ ಬೆಳಿಗ್ಗೆಯೇ ಹೋದೆ. ಮೂಗು ಉರಿಯುವ ಬ್ಲೀಚ್ ಹಾಕಿ ಮಲಗುವ ಕೋಣೆಯ ಗೋಡೆ ಉಜ್ಜಿದೆವು. ಕಪ್ಪು ಹೋಯಿತು, ಹಳದಿ ಕಲೆ ಉಳಿಯಿತು. ನನಗೆ ಅಷ್ಟಕ್ಕೇ ಸಮಾಧಾನವಾಗಬೇಕಲ್ಲ. ಮನೆಗೆ ಹೋಗಿ ಗ್ಯಾರೇಜಿನಲ್ಲಿ ಉಳಿದಿದ್ದ ಬಿಳಿ ಬಣ್ಣದ ಡಬ್ಬಿ ತಂದು ಎರಡು ಸಲ ಬಳಿದೆ. ಮೂಲೆಯಲ್ಲಿ ತೇವಕ್ಕೆ ಉಬ್ಬಿದ್ದ ಕಡೆಗೆ ಬಟ್ಟೆಯ ಕಪಾಟನ್ನು ಸರಿಸಿದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದನ್ನೇ ಮಾಡಿ, ಸೊಂಟ ಹಿಡಿದುಕೊಂಡು, ಚೆಂದಾತು ನೋಡ್ರಿ ಅಂತ ಹೆಮ್ಮೆಯಿಂದ ನಿಂತೆ. ನೆನೆಸಿಕೊಂಡರೆ ಈಗ ನನಗೇ ನನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ಮುಂದಿನದನ್ನು ಕಾಕುವೇ ಖುಷಿಯಿಂದ ವರ್ಣಿಸಿದರು. ಬರುವವನಿಗೆ ಚಳಿಯಾಗಬಾರದು ಅಂತ ಬೆಳಿಗ್ಗೆ ಆರಕ್ಕೇ ಹೀಟರ್ ಹಾಕಿದ್ದರಂತೆ. ಬಿಲ್ಲಿಗೆ ಹೆದರಿ ಚಳಿಗಾಲವಿಡೀ ಎರಡು ಸ್ವೆಟರ್ ಹಾಕಿಕೊಂಡು, ರಜಾಯಿ ಹೊದ್ದು ಟೀವಿ ನೋಡುವ ಹೆಂಗಸು ಅವರು. ಚಹಾ ಕೊಟ್ಟರಂತೆ, ಶೇಂಗಾ ಉಂಡಿ ಕೊಟ್ಟರಂತೆ, ಅವನು ಎರಡು ತಿಂದನಂತೆ. ಏನಾದರೂ ತೊಂದರೆ ಇದೆಯಾ ಅಂತ ಕೇಳಿದ್ದಕ್ಕೆ, ಏನೇನೂ ಇಲ್ಲ, ಎಲ್ಲ ಆರಾಮ ಅಂದರಂತೆ. ಕಡೆಯ ಮನೆಯ ಲಾರಿ ಮುದುಕ ಮಾತ್ರ ಬನಿಯನ್ನಿನಲ್ಲೇ ಬಾಗಿಲು ತೆಗೆದು, ಹಾಸಿಗೆ ಎತ್ತಿ, ಪರದೆ ಸರಿಸಿ, ಬೂಷ್ಟನ್ನು ಇಂಚಿಂಚಾಗಿ ತೋರಿಸಿ, ಬಾಯಿಗೆ ಬಂದಂತೆ ಬೈದು ಕಳಿಸಿದನಂತೆ. ಬಂದವನಿಗೆ ಒಂದು ಕಪ್ ಚಹಾನೂ ಕೊಡಲಿಲ್ಲ ಅಂತ ಕಾಕುವಿಗೆ ಅವನ ಮೇಲೆ ಬೇಸರ. ನಾನೂ ಅವರ ಜೊತೆ ನಕ್ಕೆ.

ನವೆಂಬರಿನಲ್ಲಿ ದರ್ಜೆಗಳ ಪಟ್ಟಿ ನನ್ನ ಮೇಜಿಗೆ ಬಂತು. ಆ ತಿಂಗಳು ಈ ಬಯಲಿನಲ್ಲಿ ವಾಯವ್ಯದ ಬಿಸಿಗಾಳಿ ಬೀಸುತ್ತದೆ. ಎಲ್ಲರಿಗೂ ತಲೆನೋವು, ಎಲ್ಲರಿಗೂ ಸಿಡಿಮಿಡಿ. ಕಿಟಕಿ ದಡಬಡ ಅನ್ನುತ್ತಿತ್ತು. ಕಾಕುವಿನ ಮನೆಯ ನಂಬರು ನನಗೆ ಬಾಯಿಪಾಠ. ಅದರ ಮುಂದೆ ಒಂದು ಅಂತಿತ್ತು. ಬೆಚ್ಚಗಿದೆ, ಒಣಗಿದೆ, ಬಾಡಿಗೆದಾರರು ಬಹಳ ಸಂತುಷ್ಟರು ಅಂತ ಷರಾ. ಅಂದರೆ ಎಲ್ಲರಿಗಿಂತ ದೊಡ್ಡ ಏರಿಕೆ, ರಿಪೇರಿಯ ಸರದಿಯಲ್ಲಿ ಎಲ್ಲರಿಗಿಂತ ಕೊನೆ. ಲಾರಿ ಮುದುಕನದು ಐದು. ಅವನಿಗೆ ಏರಿಕೆ ಇಲ್ಲ.

ಎದ್ದು ಹೋಗಿ ನೀರು ಕುಡಿದು ಬಂದೆ. ಮತ್ತೆ ಎದ್ದೆ. ಕಾಕುವಿನ ಪಿಂಚಣಿ ಎಷ್ಟು, ಕರೆಂಟಿಗೆಷ್ಟು, ಔಷಧಿಗೆಷ್ಟು ಅಂತ ನನಗೆ ಗೊತ್ತು, ಅವರ ಕಾಗದಪತ್ರ ನೋಡಿಕೊಳ್ಳುವವಳೇ ನಾನು. ಈ ಏರಿಕೆ ಬಿದ್ದರೆ ಅವರು ಆ ಮನೆಯಲ್ಲಿ ಒಂದು ವರ್ಷ ನಿಲ್ಲುವುದೂ ಕಷ್ಟ. ನಾನು ತಿಂಗಳಿಗಿಷ್ಟು ಕೊಡುತ್ತೇನೆ ಅಂದರೆ ತೆಗೆದುಕೊಳ್ಳುವ ಜೀವವಲ್ಲ. ಆಮೇಲೆ ಕ್ರೈಸ್ಟ್‌ಚರ್ಚಿನ ಯಾರದೋ ಮನೆಯ ಹಿಂದಿನ ಕೋಣೆ, ಯಾರದೋ ಕೂಸು, ಯಾರದೋ ಬಾಗಿಲು. ಆ ಒಂದು ಚೌಕದಲ್ಲಿ ಕರ್ಸರ್ ಇಟ್ಟೆ. ಒಂದನ್ನು ನಾಲ್ಕು ಮಾಡಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಬೆರಳು ಕೀಲಿಯ ಮೇಲೇ ಇತ್ತು. ಒತ್ತಲಿಲ್ಲ. ಪ್ರಾಮಾಣಿಕತೆ ಅಂತ ಬೆನ್ನು ತಟ್ಟಿಕೊಳ್ಳಲಾರೆ, ಹೆದರಿಕೆಯಾಯಿತು.

ಮ್ಯಾನೇಜರನಿಗೆ ಹೇಳಬಹುದಿತ್ತು. ಅದಕ್ಕೂ ಹೆದರಿದೆ. ಸಂಬಂಧಿಕರು ಯಾರಾದರೂ ಈ ಮನೆಗಳಲ್ಲಿದ್ದರೆ ತಿಳಿಸಿ ಅಂತ ಕೆಲಸದ ಶುರುವಿನಲ್ಲಿ ಒಂದು ಫಾರ್ಮ್ ಕೊಟ್ಟಿದ್ದರು. ಇಲ್ಲ ಅಂತ ಬರೆದಿದ್ದೆ. ಕಾಕು ಅಂದ ಮಾತ್ರಕ್ಕೆ ಸಂಬಂಧವಾದರೆ ನಮ್ಮ ಮಂದಿ ಯಾರೂ ಯಾವ ಫಾರ್ಮೂ ತುಂಬಲಾಗದು ಅಂತ ಆಗ ನಕ್ಕಿದ್ದೆ. ಈಗ ಗೋಡೆ ಬಳಿದವಳು ನಾನೇ ಅಂತ ಹೋಗಿ ಹೇಳಿದರೆ ಕೆಲಸ ಉಳಿಯುವುದೇ? ಅತ್ತ ದರಿ, ಇತ್ತ ಪುಲಿ. ಡಿಸೆಂಬರ್ ಹೋಯಿತು, ಬೇಸಿಗೆ ರಜೆ ಹೋಯಿತು. ಗಂಡ ಮಕ್ಕಳ ಜೊತೆ ಸಮುದ್ರದ ದಂಡೆಗೆ ಹೋದರೂ ನನಗೆ ಕೂರಲಾಗಲಿಲ್ಲ, ಮರಳಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಎಲ್ಲರ ಮೇಲೂ ಹರಿಹಾಯ್ದೆ. ನಿನಗೇನಾಗಿದೆ ಅಂತ ಗಂಡ ಕೇಳಿದರೆ, ಗಾಳಿ ಅಂದೆ.

ಮಾರ್ಚಿನಲ್ಲಿ ಮುಂದಿನ ವರ್ಷದ ಕರಡು ಬಜೆಟ್ ಊರಿಗೆ ಪ್ರಕಟವಾಯಿತು. ಯಾರಿಗೆ ಎಷ್ಟು ಏರಿಸುವ ಯೋಚನೆಯಿದೆ, ಆಕ್ಷೇಪವಿದ್ದರೆ ಬರೆದು ಕೊಡಿ, ಬೇಕಾದರೆ ಸಭೆಗೆ ಬಂದು ಹೇಳಿ ಅಂತ ಪ್ರತಿ ಮನೆಗೂ ಪತ್ರ ಹೋಯಿತು. ಕಾಕು ಆ ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನಿಮ್ಮ ಆಫೀಸಿನಲ್ಲಿ ಇದನ್ನು ಯಾರು ಮಾಡಿದ್ದು ಅಂತ ಕೇಳಿದರು. ಮೇಲಿನವರು ಅಂದೆ. ಲಾರಿ ಮುದುಕನಿಗೆ ಏರಿಸಿಲ್ಲವಂತೆ, ನನಗ್ಯಾಕೆ ಅಂದರು. ನಿಮ್ಮ ಮನೆ ಚೆನ್ನಾಗಿದೆ ಅಂತ ಬರೆದಿದ್ದಾರೆ ಅಂದೆ. ಕಾಕು ಕನ್ನಡಕ ತೆಗೆದರು.

"ಹಂಗಾದ್ರ ಖಾಲಿ ಮಾಡೂದ ಬರ್ತದ ನನಗ. ಈ ಬಾಗಲಾನೂ ಹೋತು."

ಅಳಲಿಲ್ಲ, ಹಾಗೆ ಅಂದು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟರು. ಖಾಲಿ ಮಾಡಲು ನಾನು ಬಿಡುವುದಿಲ್ಲ, ನೀವು ಸಭೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಅಂದೆ. ಬೂಷ್ಟಿನ ಕತೆ, ಹೀಟರಿನ ಕತೆ, ಬಣ್ಣದ ಕತೆ ಎಲ್ಲ ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಬಣ್ಣ ಬಳಿದವರು ಒಬ್ಬ ಪರಿಚಯದವರು ಅಂತ ಬರೆದೆ. ನನ್ನ ಹೆಸರು ಬರೆಯಲು ಕೈ ಬರಲಿಲ್ಲ. ಎಪ್ಪತ್ತು ದಾಟಿದ ಹೆಂಗಸನ್ನು ಮುಂದೆ ಬಿಟ್ಟು ನಾನು ಅವರ ಸೆರಗಿನ ಹಿಂದೆ ಅಡಗಿಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಮೇ ತಿಂಗಳಲ್ಲಿ ಅಹವಾಲು ಸಭೆ. ಉದ್ದ ಮೇಜಿನ ಸುತ್ತ ಮೇಯರ್, ಕೌನ್ಸಿಲರುಗಳು. ಸಿಬ್ಬಂದಿ ನಾವು ಹಿಂದಿನ ಗೋಡೆಗೆ ಸಾಲಾಗಿ. ಒಬ್ಬೊಬ್ಬರಿಗೆ ಐದು ನಿಮಿಷ, ಐದಾದರೆ ಗಂಟೆ. ಕೌನ್ಸಿಲರುಗಳು ಕೇಳಿದರೆ ಮಾತ್ರ ಸಿಬ್ಬಂದಿ ಬಾಯಿ ಬಿಡಬೇಕು. ಬೆಳಿಗ್ಗೆಯಿಂದ ಸೈಕಲ್ ದಾರಿ ಬೇಕು ಅನ್ನುವವರು, ಬೇಡ ಅನ್ನುವವರು, ನಾಯಿಗಳಿಗೆ ಪಾರ್ಕ್ ಕೇಳುವವರು. ನಾನು ಕಾಲು ಅಲ್ಲಾಡಿಸುತ್ತಾ ಕೂತಿದ್ದೆ, ಪಕ್ಕದವಳು ಎರಡು ಸಲ ತಿರುಗಿ ನೋಡಿದಳು.

ಕಾಕು ಇಸ್ತ್ರಿ ಮಾಡಿದ ಸೀರೆ, ಮೇಲೆ ಹೊಸ ಕಾರ್ಡಿಗನ್ ಹಾಕಿಕೊಂಡು ಬಂದರು. ಮೈಕಿನ ಮುಂದೆ ಕೂತು ಹಾಳೆ ಬಿಡಿಸಿದರು. ಮೇಯರ್ ನಗುನಗುತ್ತಾ ಸ್ವಾಗತಿಸಿ, ನೀರು ಬೇಕಾ ಅಂತ ಕೇಳಿ, ತಾನೇ ಲೋಟ ಮುಂದಿಟ್ಟ. ಅಲ್ಲಿಗೆ ಕೆಟ್ಟಿತು ನೋಡಿ. ಕಾಕು ಆ ಲೋಟ ನೋಡಿದರು, ಮೇಯರನ ಮುಖ ನೋಡಿದರು, ಹಾಳೆಯನ್ನು ಮಡಿಚಿಟ್ಟರು. ಆಸ್ಪತ್ರೆಯಲ್ಲಿ ಇಷ್ಟು ವರ್ಷ ದುಡಿದೆ, ಗಂಡ ಹೋದ ಮೇಲೆ ಈ ಕೌನ್ಸಿಲ್ ನನಗೆ ನೆರಳು ಕೊಟ್ಟಿತು, ನಿಮಗೆಲ್ಲ ಒಳ್ಳೆಯದಾಗಲಿ ಅಂದರು. ಇಂಗ್ಲಿಷು ಅವರಿಗೆ ಸರಾಗ, ಭಾಷೆಯ ತೊಂದರೆ ಏನೂ ಇರಲಿಲ್ಲ. ಬಾಡಿಗೆ ಸ್ವಲ್ಪ ಕಡಿಮೆ ಏರಿಸಿದರೆ ಉಪಕಾರವಾಗುತ್ತದೆ ಅಂತ ಕೊನೆಗೊಂದು ಮಾತು, ಅದೂ ಮೆಲ್ಲಗೆ.

ಒಬ್ಬ ಕೌನ್ಸಿಲರ್ ಹೆಂಗಸು, ಒಳ್ಳೆಯವಳೇ, ಮುಂದೆ ಬಾಗಿ ಕೇಳಿದಳು, ನಿಮ್ಮ ಮನೆ ಚಳಿಗಾಲದಲ್ಲಿ ಹೇಗಿರುತ್ತದೆ ಅಂತ. ಕಾಕು ಅಂದರು, "ವೆರಿ ವಾರ್ಮ್, ವೆರಿ ನೈಸ್. ನೋ ಪ್ರಾಬ್ಲಂ ಅಟ್ ಆಲ್."

ಮೇಜಿನ ಸುತ್ತ ಎಲ್ಲರ ಮುಖವೂ ಅರಳಿತು. ಬೆಳಿಗ್ಗೆಯಿಂದ ಬೈಸಿಕೊಂಡವರು ಪಾಪ. ನಮ್ಮ ಮನೆಗಳ ಬಗ್ಗೆ ಇಷ್ಟು ಒಳ್ಳೆಯ ಮಾತು ಕೇಳಿ ಸಂತೋಷವಾಯಿತು ಅಂತ ಮೇಯರ್ ಧನ್ಯವಾದ ಹೇಳಿದ. ಮುಂದಿನವರ ಹೆಸರು ಕರೆಯಲು ಗುಮಾಸ್ತ ಬಾಯಿ ತೆರೆದಿದ್ದ. ನನಗೆ ಯಾರ ಮೇಲೆ ಸಿಟ್ಟು ಬಂತೋ ತಿಳಿಯದು, ಕಾಕುವಿನ ಮೇಲೋ, ಆ ನೀರಿನ ಲೋಟದ ಮೇಲೋ, ನನ್ನ ಮೇಲೋ. ಎದ್ದು ನಿಂತಿದ್ದೆ.

ಆ ಮನೆ ಬೆಚ್ಚಗಿಲ್ಲ ಅಂದೆ. ಇನ್‌ಸ್ಪೆಕ್ಟರ್ ನೋಡಿದ್ದು ಬೂಷ್ಟು ತೊಳೆದು ಬಣ್ಣ ಬಳಿದ ಗೋಡೆ, ಆ ಬಣ್ಣ ಬಳಿದವಳು ನಾನು, ಇವರು ನನಗೆ ತಾಯಿಯ ಹಾಗೆ, ಇದನ್ನು ನಾನು ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಕೂತೆ. ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ. ಕಾಕು ತಿರುಗಿ ನನ್ನನ್ನು ನೋಡಲೇ ಇಲ್ಲ. ಸೆರಗು ಸರಿಮಾಡಿಕೊಂಡು, ಮೇಯರನಿಗೆ ಕೈಮುಗಿದು ಹೊರಗೆ ನಡೆದರು.

ಓಡಿಹೋಗಿ ನನ್ನ ಕಾರಿನ ಹತ್ತಿರ ಅವರನ್ನು ಹಿಡಿದೆ. ಯಾಕೆ ಹಾಗೆ ಹೇಳಿದಿರಿ ಅಂತ ಬಹುಶಃ ಕೂಗಿಯೇ ಕೇಳಿದೆ.

"ನೆಳ್ಳ ಕೊಟ್ಟವ್ರನ್ನ ಅವರ ಮನಿಯಾಗ ಕುಂತು ಹೆಂಗ ಬೈಲಿ? ನಿನಗ ಬರ್ತದ, ನನಗ ಬರೂದಿಲ್ಲ. ಹತ್ತು ಮಂದಿ ಮುಂದ ನನ್ನ ಸುಳ್ಳಿ ಮಾಡಿದಿ ನೀ."

ಮನೆಯವರೆಗೆ ಬಿಟ್ಟು ಬಂದೆ. ಇಳಿಯುವಾಗ ಕಾರಿನ ಬಾಗಿಲು ಮೆತ್ತಗೆ ಹಾಕಿಕೊಂಡು ಹೋದರು. ಧಡ್ಡನೆ ಹಾಕಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಮಾರನೆಯ ದಿನ ಮ್ಯಾನೇಜರ್ ಕರೆದ. ಬೈಯಲಿಲ್ಲ, ನನ್ನ ಫೈಲಿಗೆ ಒಂದು ಎಚ್ಚರಿಕೆಯ ಪತ್ರ ಸೇರಿಸಿದ. ಕೆಲಸ ಹೋಗಲಿಲ್ಲ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ: ನೀವು ತೊಳೆದಿರಿ, ಇನ್ನು ಎಷ್ಟು ಜನ ತೊಳೆದಿರಬಹುದು? ಮುದುಕರು ಅಂದ ಮೇಲೆ ಮಾನಕ್ಕೆ ಅಂಜುವವರು ನಮ್ಮ ಕಡೆಯವರು ಮಾತ್ರವೇ? ಇನ್ನಷ್ಟು ಮನೆಗಳ ಷರಾ ತೆಗೆದು ನೋಡಿದೆವು. ಬಾಡಿಗೆದಾರರು ಬಹಳ ಸಂತುಷ್ಟರು, ಬಾಡಿಗೆದಾರರು ಬಹಳ ಸಂತುಷ್ಟರು. ಯಾವುದು ನಿಜ, ಯಾವುದು ಚಹಾ ಕೊಟ್ಟು ಬರೆಸಿದ್ದು, ದೇವರೇ ಬಲ್ಲ.

ಮತ್ತೊಮ್ಮೆ ಎಲ್ಲ ಮನೆ ನೋಡಿಸಲು ಸಮಯವಿರಲಿಲ್ಲ. ಜೂನ್ ಮುಗಿಯುವುದರೊಳಗೆ ಬಜೆಟ್ ಪಾಸಾಗಲೇಬೇಕು, ಜುಲೈ ಒಂದಕ್ಕೆ ಹೊಸ ಲೆಕ್ಕದ ವರ್ಷ ಶುರು. ದರ್ಜೆಗಳನ್ನು ನಂಬುವಂತಿಲ್ಲ ಅಂತ ಮ್ಯಾನೇಜರ್ ವರದಿ ಬರೆದ. ಕೌನ್ಸಿಲರುಗಳು ಚರ್ಚಿಸಿದರು. ರೇಟ್ಸಿನಿಂದ ಸ್ವಲ್ಪ ಹಣ ಹಾಕೋಣ ಅಂತ ಆ ಕೌನ್ಸಿಲರ್ ಹೆಂಗಸು ಅಂದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುವ ಅರ್ಥದಲ್ಲಿ ಇನ್ನೊಬ್ಬ ಕೊಂಕು ನುಡಿದ. ಮತಕ್ಕೆ ಹಾಕಿದರು, ಬಿದ್ದುಹೋಯಿತು. ಕೊನೆಗೆ ಹಳೆಯ ರೂಢಿಯೇ ಗಟ್ಟಿಯಾಯಿತು. ದರ್ಜೆ ರದ್ದು, ಎಲ್ಲ ಮನೆಗೂ ಒಂದೇ ಸಮ ಏರಿಕೆ. ರಿಪೇರಿಯ ಸರದಿಯೂ ಮರುಪರೀಕ್ಷೆ ಆಗುವವರೆಗೆ ತಡೆ. ಹೊಸ ಪಟ್ಟಿ ತಯಾರಿಸಿದವಳು ನಾನೇ, ಬೇರೆ ಯಾರಿಗೂ ಆ ಕೆಲಸ ಗೊತ್ತಿರಲಿಲ್ಲ.

ಕಾಕುವಿನ ಮನೆಯ ಮುಂದೆ ಬಂದ ಅಂಕಿ ನೋಡಿ ಕಣ್ಣಲ್ಲಿ ನೀರು ಬಂತು. ಮೊದಲು ಬರೆದ ಏರಿಕೆಯ ಅರ್ಧದಷ್ಟೂ ಇಲ್ಲ. ಕಷ್ಟವೇ, ಆದರೆ ತೂಗುತ್ತದೆ. ಬಾಗಿಲು ಉಳಿಯಿತು. ಅದೇ ಸಂಜೆ ಕೆಲಸ ಮುಗಿಸಿ ನೇರ ಅವರ ಮನೆಗೆ ಹೋದೆ. ಅಷ್ಟು ದಿನವೂ ಅವರು ನನ್ನ ಫೋನ್ ಎತ್ತಿರಲಿಲ್ಲ. ಬಾಗಿಲು ತೆಗೆದರು, ಒಳಗೆ ಬಾ ಅನ್ನಲಿಲ್ಲ, ನಾನೇ ನುಗ್ಗಿದೆ. ಸುದ್ದಿ ಹೇಳಿದೆ. ನಿಮ್ಮ ಮನೆ ನಿಮಗೇ ಉಳಿಯಿತು ಕಾಕು, ಎಲ್ಲೂ ಹೋಗಬೇಕಿಲ್ಲ ಅಂದೆ. ಕಾಕು ಕುರ್ಚಿ ಹಿಡಿದು ಕೂತರು. ಮುಖ ಸಡಿಲವಾಯಿತು. ನನ್ನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಚಹಾ ಇಡುತ್ತೇನೆ ಅಂತ ಎದ್ದವರು ಒಲೆಯ ಹತ್ತಿರ ನಿಂತು ತಿರುಗಿದರು.

ನನಗೆ ಇಳಿಸಿದ್ದನ್ನು ಯಾರ ಮೇಲೆ ಹಾಕಿದರು ಅಂತ ಕೇಳಿದರು. ಪಿಂಚಣಿಯನ್ನು ಎಣಿಸಿ ಎಣಿಸಿ ಬದುಕುವವರಿಗೆ ಯಾವ ಲೆಕ್ಕವೂ ಗಾಳಿಯಲ್ಲಿ ಕರಗುವುದಿಲ್ಲ ಅಂತ ಗೊತ್ತು. ಎಲ್ಲರಿಗೂ ಸಮ ಹಂಚಿದ್ದಾರೆ ಅಂದೆ. ಕಡೆಯ ಮನೆಯವನಿಗೂ? ಹೌದು, ಅವನಿಗೂ. ಅವನಿಗೆ ಏರಿಕೆ ಇಲ್ಲ ಅಂತ ಮೊದಲು ಪತ್ರ ಬಂದಿತ್ತಲ್ಲ? ಬಂದಿತ್ತು, ಈಗ ಬೇರೆ ಪತ್ರ ಹೋಗುತ್ತದೆ. ರಿಪೇರಿ? ಅದೂ ಮುಂದಕ್ಕೆ ಹೋಯಿತು. ನಾನು ಬೇಗಬೇಗ ಹೇಳಿ ಮುಗಿಸಿದೆ, ಬೇಗ ಹೇಳಿದರೆ ಕಡಿಮೆಯಾಗುತ್ತದೆ ಅನ್ನುವವಳ ಹಾಗೆ.

ಕಾಕು ಒಲೆ ಆರಿಸಿದರು.

"ಸುಳ್ಳ ತೋರಿಸಿದವ್ರು ನಾವಿಬ್ರು, ತಂಗಿ. ಅವಾ ಒಬ್ಬಾಂವ ಖರೆ ತೋರಿಸಿದ್ದ."

ಕಾಕು ಕಾರ್ಡಿಗನ್ ಹಾಕಿಕೊಂಡು ಚಪ್ಪಲಿ ಮೆಟ್ಟಿದರು. ನಡಿ, ಪತ್ರ ಬರುವ ಮೊದಲು ನಾವೇ ಹೇಳಬೇಕು ಅಂದರು. ನಾಳೆ ಹೋಗೋಣ ಅಂದೆ. ಅವರು ಆಗಲೇ ಹೊರಗಿದ್ದರು.

ಜೂನಿನ ಸಂಜೆ, ಐದಕ್ಕೇ ಕತ್ತಲು, ಹುಲ್ಲಿನ ಮೇಲೆ ಆಗಲೇ ಇಬ್ಬನಿ ಹೆಪ್ಪುಗಟ್ಟುತ್ತಿತ್ತು. ಕಡೆಯ ಮನೆಯ ಬಾಗಿಲು ತಟ್ಟಿದೆವು. ಕೆಮ್ಮು ಕೇಳಿಸಿತು, ಆಮೇಲೆ ಹೆಜ್ಜೆ. ಮುದುಕ ಉಣ್ಣೆಯ ಟೋಪಿ, ಹೆಗಲ ಮೇಲೆ ಕಂಬಳಿ ಹೊದ್ದುಕೊಂಡೇ ಬಾಗಿಲು ತೆಗೆದ. ಒಳಗಿನಿಂದ ಹಸಿ ಗೋಡೆಯ ವಾಸನೆ ಬಂತು. ಕಾಕು ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದರು. ನಾನು ಹೇಳಿದೆ, ಎಲ್ಲವನ್ನೂ: ದರ್ಜೆ, ಬಣ್ಣ, ಸಭೆ, ಹೊಸ ಏರಿಕೆ, ನಿಂತುಹೋದ ರಿಪೇರಿ. ಈ ಸಲ ಏನೂ ಬಿಡಲಿಲ್ಲ. ಅವನು ಬೈಯುತ್ತಾನೆ ಅಂತ ಕಾದೆ, ಬೈದರೆ ಸಾಕು ಅನ್ನಿಸಿತು. ಬೈಯಲಿಲ್ಲ. ಕಾಕುವಿನ ಕಡೆ ತಿರುಗಿ, ಹಾಗಾದರೆ ನೀನು ಇಲ್ಲೇ ಇರುತ್ತೀಯಲ್ಲ ಅಂತ ಕೇಳಿದ. ಕಾಕು ತಲೆಯಾಡಿಸಿದರು.

ಮುಂದಿನ ವರ್ಷ ಖಂಡಿತ ಸರಿಮಾಡುತ್ತೇನೆ ಅಂತ ನಾನು ಅಂದೆ.

ಮುದುಕ ಕಂಬಳಿಯನ್ನು ಎದೆಯ ಮೇಲೆ ಎಳೆದುಕೊಂಡ. ಮೊದಲು ಈ ಚಳಿಗಾಲ ದಾಟಬೇಕಲ್ಲ ಅಂದ. ಆಮೇಲೆ, ಒಳಗಿರುವ ಚೂರು ಬಿಸಿಯೂ ಹೊರಗೆ ಹೋಗುತ್ತಿದೆ ಅಂತ ಕ್ಷಮೆ ಕೇಳಿ, ಬಾಗಿಲು ಹಾಕಿಕೊಂಡ.